ಮೀನಿನ ಫೀಡಿಗೆ ಕಡಲಕಳೆ ಬಂತು, ಹೊರಗೆ ಹೋಗಿದ್ದೇನು?

(ಮೀನು ಸಾಕುವವರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೇನೆ. ಎರಡರಲ್ಲೂ ಉಪ್ಪುನೀರು. ಒಂದೊಂದಕ್ಕೂ ಒಂದು ಚಮಚ ಸೀಗಡಿ ಫೀಡ್ ಹಾಕುತ್ತಿದ್ದೇನೆ. ಎರಡೂ ಒಂದೇ ಕೈಯಂತ್ರದಲ್ಲಿ ಒತ್ತಿ ತೆಗೆದ ಪೆಲೆಟ್, ಅಂದರೆ ಗುಳಿಗೆ. ಎಡಗಡೆಯದು ಮಾಮೂಲಿ. ಬಲಗಡೆಯದರಲ್ಲಿ ನೂರಕ್ಕೆ ಐದು ಪಾಲು ಗೋಧಿ ಹಿಟ್ಟು ಬಿಟ್ಟು, ಅಷ್ಟೇ ತೂಕದ ಕಂದು ಕಡಲಕಳೆಯ ಪುಡಿ ಸೇರಿಸಿದೆ. ಸದ್ಯಕ್ಕೆ ಅವು ನೆನೆಯಲಿ. ನಾವು ಮಾತಾಡೋಣ.

ಕಡಲಕಳೆಯನ್ನು ಮೀನಿಗೆ ತಿನ್ನಿಸುವ ಮಾತು ಬಂದಾಗಲೆಲ್ಲ ಜನರಿಗೆ ಉತ್ಸಾಹ ಉಕ್ಕುತ್ತದೆ. ಅದಕ್ಕೆ ಜಮೀನು ಬೇಡ. ಸಿಹಿನೀರು ಹಾಯಿಸಬೇಕಿಲ್ಲ. ಗೊಬ್ಬರ ಕೊಡಬೇಕಿಲ್ಲ. ಹಗ್ಗಕ್ಕೆ ಕಟ್ಟಿ ಸಮುದ್ರದಲ್ಲಿ ಇಳಿಬಿಟ್ಟರೆ ಬಿಸಿಲು, ನೀರಲ್ಲೇ ಬೆಳೆದುಕೊಳ್ಳುತ್ತದೆ. ಹಾಗಿದ್ದ ಮೇಲೆ ಅದನ್ನೇ ಒಣಗಿಸಿ ಪುಡಿ ಮಾಡಿ ಹಾಕಿದರಾಯಿತು, ಸಾಕಿದ ಮೀನಿನ ಹೊಟ್ಟೆಗೋಸ್ಕರ ಸಮುದ್ರದ ಸಣ್ಣ ಮೀನು ಬಾಚುವುದು ತಪ್ಪುತ್ತದೆ ಎನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಬೆಳೆಸುವ ಬಗ್ಗೆ ಹೇಳಿದ್ದೆಲ್ಲ ಬಹುಪಾಲು ನಿಜ. ಸಣ್ಣ ಮೀನು ಉಳಿಯುತ್ತದೆ ಎನ್ನುವ ಮಾತಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ಇವತ್ತು ಅದನ್ನೇ ಬಿಡಿಸಿ ನೋಡೋಣ.

ಮೊದಲು ಆ ಸಣ್ಣ ಮೀನಿನ ಕತೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸಾಕಿ ಬೆಳೆಸಿದ ಮೀನು, ಸೀಗಡಿ, ಚಿಪ್ಪುಜೀವಿಗಳೆಲ್ಲ ಸೇರಿ 9.44 ಕೋಟಿ ಟನ್. ಬಲೆ ಬೀಸಿ ಹಿಡಿದದ್ದಕ್ಕಿಂತ ಸಾಕಿದ್ದೇ ಜಾಸ್ತಿ ಆದದ್ದು ಅದೇ ಮೊದಲು. ಸಾಕುವವರಿಗೆ ಗೊತ್ತು, ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಫೀಡಿಗೇ ಹೋಗುತ್ತದೆ. ಅದರಲ್ಲೂ ದುಬಾರಿ ಭಾಗ ಸಣ್ಣ ಮೀನು ಬೇಯಿಸಿ ಒಣಗಿಸಿ ಮಾಡಿದ ಪುಡಿಯಾದ ಫಿಶ್‌ಮೀಲ್ ಮತ್ತು ಮೀನೆಣ್ಣೆ.

ಫಿಶ್‌ಮೀಲ್‌ನ ಬಹು ದೊಡ್ಡ ಮೂಲ ಪೆರು ದೇಶದ ಕಡಲಿನ ಆಂಚೊವೆಟಾ. ಗೇಣುದ್ದವೂ ಇಲ್ಲದ ಮೀನು. 1970ರಲ್ಲಿ ಪೆರು ಈ ಒಂದೇ ಜಾತಿಯನ್ನು 1.2 ಕೋಟಿ ಟನ್‌ಗಿಂತ ಜಾಸ್ತಿ ಹಿಡಿಯಿತು. 1972ರಲ್ಲಿ ಎಲ್ ನಿನ್ಯೋ ಬಂತು, ಕಡಲು ಬಿಸಿಯಾಯಿತು. ಅದಾಗಲೇ ಮಿತಿಮೀರಿ ಹಿಡಿದಿದ್ದರು. ಮರುವರ್ಷದ ಹೊತ್ತಿಗೆ 20 ಲಕ್ಷ ಟನ್ ಆಸುಪಾಸಿಗೆ ಕುಸಿಯಿತು. ಇದು ಹಳೆಯ ಕತೆ ಅಂದುಕೊಳ್ಳಬೇಡಿ. 2023ರಲ್ಲೂ ಮರಿಗಳೇ ಜಾಸ್ತಿ ಸಿಗುತ್ತಿವೆ ಎಂದು ಪೆರು ಸರ್ಕಾರ ವರ್ಷದ ಮೊದಲ ಸೀಸನ್ ರದ್ದು ಮಾಡಿತು. ಮೀನೆಣ್ಣೆಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು.

ಹೀಗೆ ಆಗಾಗ ಕೈಕೊಡುವ ಸರಕನ್ನು ನಂಬಿಕೊಂಡು ಉದ್ಯಮ ಎಷ್ಟು ದಿನ ನಡೆದೀತು? ನಾರ್ವೆಯ ಸಾಲ್ಮನ್ ಸಾಕಣೆದಾರರು ಬೇಗ ಎಚ್ಚೆತ್ತುಕೊಂಡರು. 1990ರಲ್ಲಿ ಅವರ ಫೀಡಿನಲ್ಲಿ ಸುಮಾರು ಶೇ. 90 ಭಾಗ ಸಮುದ್ರದಿಂದ ಬಂದದ್ದಿತ್ತು. 2020ರ ಹೊತ್ತಿಗೆ ಅದು ಶೇ. 22ರ ಹತ್ತಿರಕ್ಕೆ ಇಳಿದಿತ್ತು. ಖಾಲಿಯಾದ ಜಾಗಕ್ಕೆ ಬಂದದ್ದು ಕಡಲಕಳೆ ಅಲ್ಲ. ಸೋಯಾ, ಗೋಧಿಯ ಗ್ಲುಟೆನ್, ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆ. ಸಮುದ್ರದ ಮೇಲಿನ ಹೊರೆಯನ್ನು ಹೊಲದ ಮೇಲೆ ಇಳಿಸಿದರು ಅಷ್ಟೇ. ಸೋಯಾ ಬಂದ ಕಡೆ ಕಾಡು ಕಡಿದ ಲೆಕ್ಕವೂ ಜೊತೆಗೆ ಬರುತ್ತದೆ. ಈಗ ಸೋಯಾಗೂ ಬದಲಿ ಹುಡುಕುತ್ತಿದ್ದಾರೆ. ಕಡಲಕಳೆಯ ಹೆಸರು ಮುಂದೆ ಬಂದದ್ದು ಈ ಹುಡುಕಾಟದಲ್ಲೇ.

ಸರಿ, ಕಡಲಕಳೆಯಲ್ಲಿ ಏನಿದೆ?

ಬಣ್ಣದ ಮೇಲೆ ಮೂರು ಗುಂಪು ಮಾಡುತ್ತಾರೆ. ಕಂದು, ಕೆಂಪು, ಹಸಿರು. ಉದ್ದುದ್ದ ಪಟ್ಟಿಯಂತೆ ಬೆಳೆಯುವ ಕೆಲ್ಪ್ ಕಂದು ಗುಂಪಿನದು. ಅದರಲ್ಲಿ ಪ್ರೋಟೀನ್ ಕಡಿಮೆ, ಒಣ ತೂಕದಲ್ಲಿ ಶೇ. 15 ದಾಟುವುದೇ ಅಪರೂಪ. ಉಲ್ವಾ ಹಸಿರು ಗುಂಪಿನದು. ಬಂಡೆಯ ಮೇಲೆ ತೆಳ್ಳಗೆ ಹಸಿರು ಪ್ಲಾಸ್ಟಿಕ್ ಹಾಳೆ ಅಂಟಿಸಿದಂತೆ ಇರುತ್ತದಲ್ಲ, ಅದೇ. ಅದರಲ್ಲಿ ಶೇ. 10ರಿಂದ 25. ಕೆಂಪು ಗುಂಪಿನ ಪೊರ್ಫೈರಾ ಜಾತಿಯವು ಎಲ್ಲರಿಗಿಂತ ಮುಂದೆ. ಒಳ್ಳೆಯ ಮಾದರಿಯಲ್ಲಿ ಶೇ. 40ರ ಮೇಲೂ ಸಿಕ್ಕಿದೆ. ಹಾಗಾದರೆ ಪೊರ್ಫೈರಾನೇ ಹಾಕೋಣ ಎನ್ನಬಹುದು. ಅದನ್ನು ಜನರೇ ತಿನ್ನುತ್ತಾರೆ, ಒಳ್ಳೆಯ ಬೆಲೆ ಕೊಟ್ಟು ತಿನ್ನುತ್ತಾರೆ. ಮೀನಿನ ತನಕ ಬರುವುದೇ ಇಲ್ಲ.

ಈ ಪ್ರೋಟೀನ್ ಲೆಕ್ಕದಲ್ಲೂ ಒಂದು ತೊಡಕು ಇದೆ. ಫೀಡ್ ಚೀಲದ ಮೇಲೆ ಬರೆಯುವ ಪ್ರೋಟೀನನ್ನು ಯಾರೂ ನೇರವಾಗಿ ಅಳೆದಿರುವುದಿಲ್ಲ. ಮಾದರಿಯನ್ನು ಆಮ್ಲದಲ್ಲಿ ಕುದಿಸುತ್ತಾರೆ. ಅದರಲ್ಲಿ ಎಷ್ಟು ಸಾರಜನಕ ಇದೆ ಎಂದು ನೋಡುತ್ತಾರೆ. ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ. 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಹಾಕಿಕೊಟ್ಟ ದಾರಿ ಇದು, ಇವತ್ತಿಗೂ ನಡೆಯುತ್ತಿದೆ. ಮಾಂಸ, ಮೀನಿಗೆ ಇದು ಸರಿಹೋಗುತ್ತದೆ. ಕಡಲಕಳೆ ಮಾತ್ರ ಸಾರಜನಕವನ್ನು ಪ್ರೋಟೀನ್ ಅಲ್ಲದ ಬೇರೆ ರೂಪದಲ್ಲೂ ಕೂಡಿಟ್ಟುಕೊಳ್ಳುತ್ತದೆ. ಅಮೋನಿಯಂ ಇರುತ್ತದೆ, ಬಣ್ಣದ ವಸ್ತುಗಳಿರುತ್ತವೆ. ಅದನ್ನೆಲ್ಲ ಪ್ರೋಟೀನ್ ಎಂದೇ ಎಣಿಸಿದಂತಾಗುತ್ತದೆ. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನೂರಾರು ಮಾದರಿಗಳ ಲೆಕ್ಕ ಒಟ್ಟು ಮಾಡಿ, ಕಡಲಕಳೆಗೆ 6.25 ಬೇಡ, 5ರಿಂದ ಗುಣಿಸಿ ಎಂದರು. ಅಂದರೆ ಚೀಲದ ಮೇಲೆ ಶೇ. 20 ಎಂದಿದ್ದರೆ ನಿಜವಾಗಿ ಇರುವುದು ಶೇ. 16.

ಈಗ ಒಂದು ಸುಲಭದ ಲೆಕ್ಕ ಹಾಕೋಣ. ಸಮುದ್ರದಿಂದ 100 ಕೆಜಿ ಹಸಿ ಉಲ್ವಾ ತಂದಿರಿ. ನೀರೇ ಸುಮಾರು 85 ಕೆಜಿ. ಒಣಗಿದ ಮೇಲೆ 15 ಕೆಜಿ. ಅದರಲ್ಲಿ ಶೇ. 16 ಅಂದರೆ 2.4 ಕೆಜಿ ಪ್ರೋಟೀನ್. ಇನ್ನೊಂದು ಕಡೆ 100 ಕೆಜಿ ಸಣ್ಣ ಮೀನು. ಬೇಯಿಸಿ, ಹಿಂಡಿ, ಒಣಗಿಸಿದರೆ ಸುಮಾರು 22 ಕೆಜಿ ಫಿಶ್‌ಮೀಲ್. ಅದರಲ್ಲಿ ಶೇ. 65ರಂತೆ 14 ಕೆಜಿ ಪ್ರೋಟೀನ್. ಜೊತೆಗೆ ಎಣ್ಣೆ ಬೇರೆ. ಉಲ್ವಾದ 15 ಕೆಜಿಯಲ್ಲಿ ಉಳಿದದ್ದೇನು? ಕಾಲು ಭಾಗದಷ್ಟು ಬರೀ ಬೂದಿ, ಅಂದರೆ ಉಪ್ಪು ಮತ್ತು ಖನಿಜ. ಬೇರೆ ಕಳೆಗಳಲ್ಲಿ ಇದು ಶೇ. 40ರ ತನಕವೂ ಹೋಗುತ್ತದೆ. ಮಿಕ್ಕಿದ್ದರಲ್ಲಿ ಬಹುಪಾಲು ನಾರು ಮತ್ತು ಲೋಳೆ ಸಕ್ಕರೆಗಳು.

ಆ ಲೋಳೆ ಸಕ್ಕರೆಗಳೇ ಈ ಕತೆಯ ವಿಲನ್. ಹಾಗೆಯೇ ಹೀರೋ ಕೂಡ. ಕಂದು ಕಳೆಯಲ್ಲಿ ಆಲ್ಜಿನೇಟ್, ಕೆಂಪಿನಲ್ಲಿ ಅಗರ್ ಮತ್ತು ಕ್ಯಾರಗೀನನ್, ಹಸಿರಿನಲ್ಲಿ ಉಲ್ವಾನ್. ಇವನ್ನು ಕತ್ತರಿಸುವ ಕಿಣ್ವ ಹೆಚ್ಚಿನ ಮೀನುಗಳ ಹೊಟ್ಟೆಯಲ್ಲಿ ಇಲ್ಲ. ಪ್ರೋಟೀನ್ ಇದೇ ಲೋಳೆಯ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ. ಸಾಲ್ಮನ್‌ನಂಥ ಮೀನು ಬೇಟೆಗಾರ. ಅದರ ಕರುಳು ಗಿಡ್ಡ. ಬಂದದ್ದು ಬೇಗ ಹೊರಗೆ ಹೋಗುತ್ತದೆ. ಲೋಳೆ ಜಾಸ್ತಿಯಾದರೆ ಕರುಳಿನಲ್ಲಿರುವುದೆಲ್ಲ ಅಂಟಂಟಾಗಿ, ಬೇರೆ ಪೋಷಕಾಂಶ ಹೀರುವುದಕ್ಕೂ ಅಡ್ಡಿ. ಅದಕ್ಕೇ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಚಿತ್ರ. ನೂರಕ್ಕೆ ಐದರ ತನಕ ಮೀನು ಸಹಿಸುತ್ತದೆ. ಹತ್ತರ ತನಕ ಕೆಲವು ಜಾತಿಗಳು ಒಗ್ಗಿಕೊಳ್ಳುತ್ತವೆ. ಅದರಾಚೆಗೆ ಬೆಳವಣಿಗೆ ಕುಗ್ಗುತ್ತದೆ.

ಎಲ್ಲ ಮೀನೂ ಹಾಗಲ್ಲ. ಹಾಲುಮೀನು, ರ್ಯಾಬಿಟ್‌ಫಿಶ್, ತಿಲಾಪಿಯಾದಂಥವಕ್ಕೆ ಹುಟ್ಟಿನಿಂದಲೇ ಹಸಿರು ಮೇಯುವ ಅಭ್ಯಾಸ ಇದೆ. ಅವುಗಳ ಕರುಳು ಮೈಗಿಂತ ಹಲವು ಪಟ್ಟು ಉದ್ದ. ಫಿಲಿಪ್ಪೀನ್ಸ್‌ನಲ್ಲಿ ಹಾಲುಮೀನಿನ ಕೊಳದ ತಳದಲ್ಲಿ ಲಬ್‌ಲಬ್ ಎಂಬ ಪಾಚಿಯ ಚಾಪೆ ಬೆಳೆಸಿ ಅದರಲ್ಲೇ ಮೀನು ಮೇಯಿಸುವ ಪದ್ಧತಿ ಹಳೆಯದು. ಇಂಥ ಮೀನಿಗೆ ಕಡಲಕಳೆ ಕೊಡುವುದು ಒಂದು ಮಾತು. ಸಾಲ್ಮನ್‌ಗೆ ಕೊಡುವುದು ಇನ್ನೊಂದು ಮಾತು. ‘ಮೀನಿಗೆ ಕಡಲಕಳೆ’ ಎಂದು ಒಟ್ಟಾರೆ ಬರೆದ ವರದಿ ಓದುವಾಗ ಮೊದಲು ಯಾವ ಮೀನು ಎಂದು ನೋಡಿ.

ಆಮೇಲೆ ಇನ್ನೊಂದನ್ನು ನೋಡಿ. ಇದು ನನ್ನ ಮುಖ್ಯ ಮಾತು, ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಫೀಡ್ ಅಂದರೆ ಯಾವಾಗಲೂ ನೂರು ಪಾಲು. ಐದು ಪಾಲು ಹೊಸದು ಒಳಗೆ ಬಂದರೆ ಐದು ಪಾಲು ಹಳೆಯದು ಹೊರಗೆ ಹೋಗಲೇಬೇಕು. ಹೋದದ್ದು ಯಾವುದು? ಎಷ್ಟೋ ಪ್ರಯೋಗಗಳಲ್ಲಿ ಹೋಗಿರುವುದು ಗೋಧಿ ಹಿಟ್ಟು, ಇಲ್ಲವೇ ಪಿಷ್ಟ. ಫಿಶ್‌ಮೀಲ್ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ. ಮೀನು ಚೆನ್ನಾಗಿ ಬೆಳೆಯುತ್ತದೆ, ಬೆಳೆಯದೆ ಏನು, ಪ್ರೋಟೀನ್ ಮುಟ್ಟಿಯೇ ಇಲ್ಲವಲ್ಲ. ವರದಿಯ ತಲೆಬರಹದಲ್ಲಿ ಮಾತ್ರ ‘ಕಡಲಕಳೆ ಸೇರಿಸಿದರೂ ಬೆಳವಣಿಗೆ ಕುಗ್ಗಲಿಲ್ಲ, ಸುಸ್ಥಿರ ಆಹಾರಕ್ಕೆ ದಾರಿ’ ಎಂದಿರುತ್ತದೆ. ಒಂದೇ ಒಂದು ಆಂಚೊವೆಟಾ ಕೂಡ ಇದರಿಂದ ಉಳಿದಿಲ್ಲ. ಗೋಧಿ ಉಳಿಯಿತು.

ಮೋಸ ಎನ್ನುತ್ತಿಲ್ಲ. ಸಂಶೋಧಕರು ಕೋಷ್ಟಕದಲ್ಲಿ ಎಲ್ಲವನ್ನೂ ಕೊಟ್ಟಿರುತ್ತಾರೆ. ನಾವು ಕೋಷ್ಟಕ ಬಿಟ್ಟು ತಲೆಬರಹ ಓದುತ್ತೇವೆ. ಇಷ್ಟಾಗಿಯೂ ನಾನು ಕಡಲಕಳೆಯ ಪರವೇ. ಅದನ್ನು ಪ್ರೋಟೀನಿನ ಕುರ್ಚಿಯಲ್ಲಿ ಕೂರಿಸಬೇಡಿ ಅನ್ನುತ್ತೇನೆ, ಅಷ್ಟೇ. ಅದಕ್ಕೆ ಬೇರೆ ಕೆಲಸಗಳು ಚೆನ್ನಾಗಿ ಬರುತ್ತವೆ.

ಈಗ ಲೋಟ ನೋಡೋಣ. ಮುಂದಿನ ಸಾಲಿನವರು ಎದ್ದು ಬಂದರೂ ಪರವಾಗಿಲ್ಲ. ಎಡಗಡೆಯ ಲೋಟದಲ್ಲಿ ಪೆಲೆಟ್ ಉಬ್ಬಿ, ಬಾಯಿ ಬಿಟ್ಟು, ತಳದಲ್ಲಿ ಕಂದು ರಾಡಿಯಾಗಿ ಕೂತಿದೆ. ನೀರು ಮಸುಕಾಗಿದೆ. ಬಲಗಡೆ ಪೆಲೆಟ್ ಸ್ವಲ್ಪ ದಪ್ಪವಾಗಿದೆ. ಚಮಚದಲ್ಲಿ ಎತ್ತುತ್ತೇನೆ, ನೋಡಿ. ಬೆರಳಲ್ಲಿ ಒತ್ತಿದರೆ ಮೆತ್ತಗಿದೆ, ಆದರೂ ಒಡೆಯುವುದಿಲ್ಲ. ನೀರು ಇನ್ನೂ ತಿಳಿಯಾಗಿದೆ. ಇದು ಆಲ್ಜಿನೇಟ್ ಕೆಲಸ. ಅದರ ಉದ್ದನೆಯ ಎಳೆಗಳ ನಡುವೆ ಕ್ಯಾಲ್ಸಿಯಂ ಬಂದು ಕೂತು, ಎಳೆಗೆ ಎಳೆ ಗಂಟು ಹಾಕುತ್ತದೆ. ಕರುಳಿನಲ್ಲಿ ತೊಂದರೆ ಕೊಡುವ ಅದೇ ಅಂಟು ಇಲ್ಲಿ ಉಪಕಾರಕ್ಕೆ ಬಂತು.

ಸೀಗಡಿ ಸಾಕುವವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಮೀನಿನ ಹಾಗೆ ಅದು ಗಬಕ್ಕನೆ ನುಂಗುವುದಿಲ್ಲ. ತಳದಲ್ಲಿ ಓಡಾಡುತ್ತಾ ಕಾಲಲ್ಲಿ ಹಿಡಿದು ಕೊರೆದು ಕೊರೆದು ತಿನ್ನುತ್ತದೆ. ಗಂಟೆಗಟ್ಟಲೆ ಪೆಲೆಟ್ ನೀರಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಕರಗಿದ ಫೀಡ್ ಅಂದರೆ ನೀರಿಗೆ ಸುರಿದ ದುಡ್ಡು. ಅಷ್ಟೇ ಅಲ್ಲ, ತಳದಲ್ಲಿ ಕೊಳೆತು ಅಮೋನಿಯ ಆಗಿ ಸೀಗಡಿಯ ಪ್ರಾಣಕ್ಕೇ ಬರುತ್ತದೆ. ಕರಗದೆ ಉಳಿದ ಪ್ರತಿ ಪೆಲೆಟ್‌ನಲ್ಲಿರುವ ಫಿಶ್‌ಮೀಲ್ ಸೀಗಡಿಯ ಹೊಟ್ಟೆಗೆ ಹೋಗುತ್ತದೆ. ಹಾಗೆ ನೋಡಿದರೆ ಕಡಲಕಳೆ ಅಂಟಾಗಿ ನಿಂತು ಉಳಿಸುವ ಸಣ್ಣ ಮೀನು, ಪ್ರೋಟೀನ್ ಆಗಿ ಉಳಿಸುವುದಕ್ಕಿಂತ ಜಾಸ್ತಿ ಇದ್ದೀತು. ಒಂದು ಮಾತು ಸೇರಿಸಬೇಕು. ದೊಡ್ಡ ಕಾರ್ಖಾನೆಯ ಎಕ್ಸ್‌ಟ್ರೂಡರ್‌ನಲ್ಲಿ ತಯಾರಾದ ತೇಲುವ ಫೀಡಿಗೆ ಈ ಅಂಟಿನ ಅಗತ್ಯ ಕಡಿಮೆ. ಅಲ್ಲಿ ಬಿಸಿ ಮತ್ತು ಒತ್ತಡಕ್ಕೆ ಪಿಷ್ಟವೇ ಬೆಂದು ಹಿಡಿದುಕೊಳ್ಳುತ್ತದೆ.

ಎರಡನೆಯ ಕೆಲಸ, ರುಚಿ ಹತ್ತಿಸುವುದು. ಸೋಯಾ ಜಾಸ್ತಿಯಾದ ಫೀಡನ್ನು ಎಷ್ಟೋ ಮೀನು ಮೂಸಿ ಬಿಡುತ್ತವೆ. ಕಡಲಕಳೆಯಲ್ಲಿ ಮೀನನ್ನು ಎಳೆಯುವ ಕೆಲವು ವಸ್ತುಗಳಿವೆ. ಕೆಂಪು ಕಳೆಗಳಲ್ಲಿ ಟಾರಿನ್ ಎಂಬ ಪೋಷಕಾಂಶ ಕೂಡ ಇದೆ. ಇದು ಸೋಯಾದಲ್ಲಿ ಇಲ್ಲವೇ ಇಲ್ಲ, ಫಿಶ್‌ಮೀಲ್‌ನಲ್ಲಿ ಧಾರಾಳ. ಹಾಗಾಗಿ ಸೋಯಾ ಫೀಡಿನ ಜೊತೆ ಸ್ವಲ್ಪ ಕಳೆ ಸೇರಿಸುವುದರಲ್ಲಿ ಅರ್ಥವಿದೆ.

ಮೂರನೆಯದು ಆರೋಗ್ಯ. ಇಲ್ಲಿ ಸ್ವಲ್ಪ ಹುಷಾರಾಗಿ ಮಾತಾಡುತ್ತೇನೆ, ಯಾಕಂದರೆ ಇಲ್ಲೇ ಮಾರಾಟಗಾರರ ಗದ್ದಲ ಜಾಸ್ತಿ. ಕಂದು ಕಳೆಯಲ್ಲಿ ಲ್ಯಾಮಿನಾರಿನ್, ಫುಕೊಯ್ಡಾನ್ ಎಂಬ ಸಕ್ಕರೆಗಳಿವೆ. ಲ್ಯಾಮಿನಾರಿನ್‌ನ ರಚನೆ ಶಿಲೀಂಧ್ರದ ಗೋಡೆಯಲ್ಲಿರುವ ಬೀಟಾ ಗ್ಲುಕಾನ್ ಥರವೇ. ಅದು ಒಳಗೆ ಹೋದಾಗ ಮೀನು, ಸೀಗಡಿಯ ದೇಹ ‘ಯಾರೋ ನುಗ್ಗಿದರು’ ಎಂದು ತಿಳಿದು ರಕ್ಷಣೆಯನ್ನು ಚುರುಕು ಮಾಡಿಕೊಳ್ಳುತ್ತದೆ. ಆಮೇಲೆ ನಿಜವಾದ ರೋಗಾಣು ಬಂದಾಗ ಸಿದ್ಧವಾಗಿರುತ್ತದೆ. ರೋಗ ತರುವ ವಿಬ್ರಿಯೋ ಬ್ಯಾಕ್ಟೀರಿಯಾವನ್ನು ಬೇಕೆಂದೇ ತಗುಲಿಸಿ ನಡೆಸಿದ ಪ್ರಯೋಗಗಳಲ್ಲಿ ಬದುಕುಳಿದ ಸೀಗಡಿ ಜಾಸ್ತಿ ಎಂದು ಹಲವು ಕಡೆ ಕಂಡಿದೆ. ಇವೆಲ್ಲ ಬಹುಪಾಲು ಸಣ್ಣ ತೊಟ್ಟಿಗಳಲ್ಲಿ, ಕೆಲವೇ ವಾರ ನಡೆದವು. ತಿಂಗಳುಗಟ್ಟಲೆ ಬಿಡದೆ ಕೊಟ್ಟರೆ ದೇಹ ಅದಕ್ಕೆ ಒಗ್ಗಿ ಪ್ರಯೋಜನ ತಗ್ಗಬಹುದು. ಅದಕ್ಕೇ ಕೆಲವರು ಬಿಟ್ಟು ಬಿಟ್ಟು ಕೊಡುತ್ತಾರೆ. ‘ನಮ್ಮ ಕಡಲಕಳೆ ಪುಡಿ ಹಾಕಿದರೆ ರೋಗವೇ ಬರಲ್ಲ’ ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಮುಂದೆ ಹೋಗಿ.

ನಾಲ್ಕನೆಯ ಕೆಲಸ ಫೀಡಿನ ಒಳಗಿನದಲ್ಲ, ಹೊರಗಿನದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಮೀನು ತಿಂದ ಸಾರಜನಕದಲ್ಲಿ ಮೂರನೇ ಒಂದು ಭಾಗದ ಆಸುಪಾಸು ಮಾತ್ರ ಮೈಗೆ ಹತ್ತುತ್ತದೆ. ಉಳಿದದ್ದು ನೀರಿಗೆ. ಅದರಲ್ಲೂ ಹೆಚ್ಚಿನದು ಕಿವಿರಿನಿಂದಲೇ ಅಮೋನಿಯ ಆಗಿ ಹೊರಬೀಳುತ್ತದೆ. ಮೀನಿಗೆ ಅದು ವಿಷ. ಉಲ್ವಾಗೆ ಅದೇ ಮೃಷ್ಟಾನ್ನ. ಇಸ್ರೇಲಿನ ಐಲಾತ್‌ನಲ್ಲಿ ಅಮೀರ್ ನಿಯೋರಿ ಮತ್ತು ಜೊತೆಯವರು ಮೀನಿನ ಕೊಳದ ನೀರನ್ನು ಉಲ್ವಾ ತೊಟ್ಟಿಗೆ ಹರಿಸಿದರು. ಹಾಗೆ ಬೆಳೆದ ಉಲ್ವಾವನ್ನು ಅಬಲೋನ್ ಎಂಬ ಚಿಪ್ಪುಜೀವಿಗೆ ತಿನ್ನಿಸಿದರು. ಅಬಲೋನ್ ಹುಟ್ಟಾ ಕಡಲಕಳೆ ತಿನ್ನುವ ಪ್ರಾಣಿ, ಹಸಿಯಾಗಿಯೇ ಕೊಡಬಹುದು. ಇಲ್ಲಿ ಸ್ವಾರಸ್ಯ ಏನೆಂದರೆ, ಕೊಳಚೆ ನೀರು ಕುಡಿದ ಉಲ್ವಾದ ಪ್ರೋಟೀನ್ ಒಣ ತೂಕದ ಶೇ. 30 ದಾಟಿತು. ಬಂಡೆಯ ಮೇಲೆ ತಾನಾಗಿ ಬೆಳೆದ ಉಲ್ವಾದಲ್ಲಿ ಇಷ್ಟು ಸಿಗುವುದು ಕಷ್ಟ. ಕಳೆಗೆ ಏನು ತಿನ್ನಿಸುತ್ತೀರೋ ಅದರ ಮೇಲೆ ಅದರ ಗುಣ.

ದಕ್ಷಿಣ ಆಫ್ರಿಕಾದ ಅಬಲೋನ್ ಫಾರ್ಮುಗಳು ಇದನ್ನು ದಿನನಿತ್ಯದ ಕೆಲಸ ಮಾಡಿಕೊಂಡಿವೆ. ಉದ್ದನೆಯ ಕಾಲುವೆಯಂಥ ತೊಟ್ಟಿಗಳು. ಚಕ್ರ ತಿರುಗಿಸಿ ನೀರು ಓಡಾಡಿಸುತ್ತಾರೆ. ಅಬಲೋನ್ ತೊಟ್ಟಿಯ ನೀರು ಇದರೊಳಗೆ ಬಂದು, ಉಲ್ವಾ ಅಮೋನಿಯ ಹೀರಿದ ಮೇಲೆ ಒಂದಷ್ಟು ಮತ್ತೆ ಅಬಲೋನ್‌ಗೆ ವಾಪಸ್. ಸಮುದ್ರದಿಂದ ಪಂಪ್ ಮಾಡುವ ನೀರು ಉಳಿಯುತ್ತದೆ. ಕರೆಂಟ್ ಉಳಿಯುತ್ತದೆ. ಬೆಳೆದ ಉಲ್ವಾವನ್ನು ಬಾಚಿ ಪಕ್ಕದ ತೊಟ್ಟಿಗೇ ಹಾಕುತ್ತಾರೆ. ಒಣಗಿಸುವ ಮಾತೇ ಇಲ್ಲ. ಕೆನಡಾದ ಬೇ ಆಫ್ ಫಂಡಿಯಲ್ಲಿ ತಿಯೆರಿ ಶೋಪಾನ್ ಅವರ ತಂಡ ಸಾಲ್ಮನ್ ಪಂಜರದ ಪಕ್ಕ ಕೆಲ್ಪ್ ಮತ್ತು ನೀಲಿಚಿಪ್ಪು ಬೆಳೆಸಿತು. ಚೀನಾದ ಸಾಂಗ್‌ಗೌ ಕೊಲ್ಲಿಯಲ್ಲಿ ಕೆಲ್ಪ್, ಸಿಂಪಿ, ಅಬಲೋನ್ ಎಲ್ಲ ಒಂದೇ ನೀರಿನಲ್ಲಿವೆ. ತೆರೆದ ಸಮುದ್ರದಲ್ಲಿ ಮಾತ್ರ ಪಂಜರದಿಂದ ಬಂದದ್ದನ್ನೆಲ್ಲ ಹೀರಬೇಕಾದರೆ ಪಂಜರಕ್ಕಿಂತ ಎಷ್ಟೋ ಪಟ್ಟು ದೊಡ್ಡ ಕೆಲ್ಪ್ ತೋಟ ಬೇಕು. ಅಲೆ, ಸೆಳೆತ ಎಲ್ಲ ಚದುರಿಸಿಬಿಡುತ್ತದೆ. ತೊಟ್ಟಿಯಲ್ಲಿ ಈ ತಾಪತ್ರಯ ಇಲ್ಲ.

ಒಣಗಿಸುವ ಮಾತು ಬಂತಲ್ಲ, ಅದನ್ನು ಹಗುರವಾಗಿ ಬಿಡುವಂತಿಲ್ಲ. ಮುಂಚೆ ಹೇಳಿದ 100 ಕೆಜಿ ಉಲ್ವಾದಲ್ಲಿ 85 ಕೆಜಿ ನೀರು ತೆಗೆಯಬೇಕು. ಒಂದು ಕೆಜಿ ನೀರು ಆವಿಯಾಗಲು ಕನಿಷ್ಠ 0.63 ಯೂನಿಟ್ ಶಕ್ತಿ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಚೌಕಾಸಿ ನಡೆಯುವುದಿಲ್ಲ. 85 ಕೆಜಿಗೆ 53 ಯೂನಿಟ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಇರುತ್ತದೆ. ಅಂದರೆ ಒಂದು ತೊಟ್ಟೂ ಶಾಖ ಪೋಲಾಗದ ಡ್ರೈಯರ್ ಇದ್ದರೂ ಐದು ಲೀಟರ್‌ಗಿಂತ ಜಾಸ್ತಿ ಡೀಸೆಲ್ ಸುಟ್ಟು 15 ಕೆಜಿ ಪುಡಿ ಪಡೆಯುತ್ತೀರಿ. ಇಷ್ಟು ಹೊಗೆ ಬಿಟ್ಟ ಮೇಲೆ ಸುಸ್ಥಿರ ಎಂದು ಚೀಲದ ಮೇಲೆ ಹಸಿರು ಎಲೆ ಮುದ್ರಿಸುವುದು ತಮಾಷೆಯಾಗುತ್ತದೆ. ಬಿಸಿಲಿದ್ದರೆ ಹರಡಿ ಒಣಗಿಸಬಹುದು. ತಂಪು ದೇಶಗಳಲ್ಲಿ ಆಗದು, ಮಳೆಗಾಲದಲ್ಲಿ ಎಲ್ಲೂ ಆಗದು. ಹಸಿ ಕಳೆ ಬೇಗ ಕೊಳೆಯುತ್ತದೆ. ಅದಕ್ಕೇ ಈಗ ದನದ ಮೇವಿಗೆ ಸೈಲೇಜ್ ಮಾಡುವಂತೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಾಕಿ ಹುಳಿ ಬರಿಸಿ ಇಡುವ ಪ್ರಯತ್ನ ನಡೆದಿದೆ. ಹುಳಿ ಬಂದ ಕಳೆ ಕೆಡದೆ ಉಳಿಯುತ್ತದೆ, ಗೋಡೆಗಳೂ ಸ್ವಲ್ಪ ಸಡಿಲವಾಗುತ್ತವೆ. ಒಣಗಿಸುವುದಕ್ಕಿಂತ ಈ ದಾರಿಯ ಮೇಲೆ ನನಗೆ ಭರವಸೆ ಜಾಸ್ತಿ.

ಇನ್ನು ಪ್ರಮಾಣದ ಮಾತು, ಚುಟುಕಾಗಿ. ಜಗತ್ತಿನಲ್ಲಿ 2022ರಲ್ಲಿ ಬೆಳೆಸಿದ ಪಾಚಿ, ಕಡಲಕಳೆ ಎಲ್ಲ ಸೇರಿ ಹಸಿ ತೂಕದಲ್ಲಿ 3.65 ಕೋಟಿ ಟನ್. ಹೆಚ್ಚಿನದು ಚೀನಾ ಮತ್ತು ಇಂಡೊನೇಷ್ಯಾದ್ದು. ಅಷ್ಟನ್ನೂ ಒಣಗಿಸಿದರೆ 55 ಲಕ್ಷ ಟನ್ ಸಿಕ್ಕರೆ ಹೆಚ್ಚು. ಜಗತ್ತಿನ ಮೀನು, ಸೀಗಡಿ ಫೀಡ್ ವರ್ಷಕ್ಕೆ 5 ಕೋಟಿ ಟನ್ ದಾಟುತ್ತದೆ. ಜನರ ಊಟದಿಂದ, ಜೆಲ್ಲಿ ಕಾರ್ಖಾನೆಗಳಿಂದ ಎಲ್ಲವನ್ನೂ ಕಿತ್ತುಕೊಂಡು ತಂದರೂ ಫೀಡಿನ ಹತ್ತನೇ ಒಂದು ಭಾಗದ ಹತ್ತಿರ ಬರುತ್ತದೆ ಅಷ್ಟೇ.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಸರ್, ದಡಕ್ಕೆ ರಾಶಿ ರಾಶಿ ಬಂದು ಬೀಳುವ ಕಳೆ ಇರುತ್ತದಲ್ಲ, ಅದನ್ನು ಬಳಸಿದರೆ ಬೆಳೆಸುವ ಖರ್ಚೂ ಇಲ್ಲ, ದಡವೂ ಸ್ವಚ್ಛ.”

ಒಳ್ಳೆಯ ಆಲೋಚನೆ, ಆದರೆ ಮೊದಲು ಲ್ಯಾಬಿಗೆ ಕಳಿಸಿ. 2011ರಿಂದ ಆಫ್ರಿಕಾದ ಪಶ್ಚಿಮ ದಡದಿಂದ ಕೆರಿಬಿಯನ್ ತನಕ ಸರ್ಗಾಸಮ್ ಎಂಬ ಕಂದು ಕಳೆ ಸಾಗರದ ಮೇಲೆ ಪಟ್ಟೆಯಾಗಿ ತೇಲುತ್ತಿದೆ. ದಡಕ್ಕೆ ಬಿದ್ದು ಕೊಳೆತು ನಾರುತ್ತದೆ. ಅದನ್ನು ಫೀಡ್ ಮಾಡೋಣ ಎಂದು ತುಂಬಾ ಜನ ಹೊರಟರು. ಪಶು, ಮೀನಿನ ಆಹಾರಕ್ಕೆ ಬಳಸುವ ಕಡಲಕಳೆ ಪುಡಿಯಲ್ಲಿ ಕೆಜಿಗೆ 40 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದು ಎಂದು ಯುರೋಪಿನ ನಿಯಮ. ಮೆಕ್ಸಿಕೋದ ಕೆರಿಬಿಯನ್ ದಡದಲ್ಲಿ ತೆಗೆದ ಸರ್ಗಾಸಮ್ ಮಾದರಿಗಳಲ್ಲಿ ಬಹುಪಾಲು ಈ ಮಿತಿ ದಾಟಿದ್ದವು. ಕಡಲಕಳೆ ಒಳ್ಳೆಯದು, ಕೆಟ್ಟದ್ದು ಎಂದು ನೋಡದೆ ನೀರಿನಲ್ಲಿದ್ದದ್ದನ್ನೆಲ್ಲ ಹೀರುತ್ತದೆ. ನೀರು ಶುದ್ಧ ಮಾಡುವ ಗುಣವೂ ಅದೇ, ಈ ತೊಂದರೆಯೂ ಅದೇ.

ಒಬ್ಬ ವಿದ್ಯಾರ್ಥಿನಿ ಮುಂದೆ ಬಂದು ಲೋಟ ನೋಡಿ ಕೇಳಿದಳು: “ಬಲಗಡೆಯ ಪೆಲೆಟ್‌ನಲ್ಲಿ ಶೇ. 5 ಕಂದು ಕಳೆ ಇದೆ ಅಂದಿರಿ. ಹಾಗಾದರೆ ಅಯೋಡಿನ್?”

ಸರಿಯಾಗಿ ಹಿಡಿದೆಯಮ್ಮ. ಯುರೋಪಿನಲ್ಲಿ ಮೀನಿನ ಫೀಡಿಗೆ ಅಯೋಡಿನ್ ಮಿತಿ ಕೆಜಿಗೆ 20 ಮಿಲಿಗ್ರಾಂ. ಕೆಲ್ಪ್ ಪುಡಿಯಲ್ಲಿ ಕೆಜಿಗೆ 4,000 ಮಿಲಿಗ್ರಾಂ ಇರುವುದು ಮಾಮೂಲು. ಅದನ್ನು ಶೇ. 5 ಹಾಕಿದರೆ 200, ಅಂದರೆ ಮಿತಿಯ ಹತ್ತು ಪಟ್ಟು. ಅರ್ಧ ಶೇಕಡಾ ಹಾಕಿದರೇ ಮಿತಿ ಮುಟ್ಟಿತು. ಈ ಲೋಟದಲ್ಲಿರುವುದು ಆಸ್ಕೊಫಿಲಮ್ ಎಂಬ ಇನ್ನೊಂದು ಕಂದು ಕಳೆ. ಅದರಲ್ಲಿ ಅಯೋಡಿನ್ ಎಷ್ಟೋ ಕಡಿಮೆ, ಆದರೂ ಶೇ. 5 ಹಾಕಿದರೆ 20ರ ಗೆರೆ ದಾಟಬಹುದು. ಕೆಲ್ಪ್ ತಿಂದ ಮೀನಿನ ಮಾಂಸದಲ್ಲೂ ಅಯೋಡಿನ್ ಏರುತ್ತದೆ. ಅಯೋಡಿನ್ ಕೊರತೆ ಇರುವ ಜನರಿಗೆ ಅದು ಲಾಭ ಎನ್ನುವವರಿದ್ದಾರೆ. ಮಿತಿಯಲ್ಲಿದ್ದರೆ ಸರಿ. ಹಸಿ ಕೆಲ್ಪ್ ಅನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಅಯೋಡಿನ್ ಬಹುಪಾಲು ನೀರಿಗೆ ಹೋಗುತ್ತದೆ. ಅಂಟು ಮಾತ್ರ ಬೇಕಿದ್ದವರು ಪುಡಿಯ ಬದಲು ಬೇರ್ಪಡಿಸಿದ ಆಲ್ಜಿನೇಟನ್ನೇ ನೂರಕ್ಕೆ ಒಂದೆರಡು ಪಾಲು ಹಾಕುತ್ತಾರೆ.

ಇನ್ನೊಬ್ಬರು ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನ ಬಗ್ಗೆ ಕೇಳಿದರು. ಪಾಚಿಯಿಂದ ಮೀನೆಣ್ಣೆಗೆ ಬದಲಿ ಬಂದಿದೆಯಂತಲ್ಲ ಎಂದರು. ಬಂದಿದೆ, ಆದರೆ ಅದು ಬೇರೆ ಪಾಚಿ. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳನ್ನು ಉಕ್ಕಿನ ತೊಟ್ಟಿಯಲ್ಲಿ ಸಕ್ಕರೆ ತಿನ್ನಿಸಿ ಬೆಳೆಸಿ ತೆಗೆಯುವ ಎಣ್ಣೆ ಅದು. ಕಡಲಕಳೆಯಲ್ಲಿ ಕೊಬ್ಬೇ ಒಣ ತೂಕದ ಶೇ. 1ರಿಂದ 5. ಇರುವ ಸ್ವಲ್ಪದರಲ್ಲಿ ಇಪಿಎ ಎಂಬ ಒಮೆಗಾ-3 ಒಂದಷ್ಟು ಸಿಗುತ್ತದೆ, ಇನ್ನೊಂದು ಬಗೆಯಾದ ಡಿಎಚ್‌ಎ ಹೆಚ್ಚುಕಡಿಮೆ ಇಲ್ಲ. ದನಗಳ ಹೊಟ್ಟೆಯ ಮೀಥೇನ್ ತಗ್ಗಿಸುವ ಆಸ್ಪರಗೋಪ್ಸಿಸ್ ಎಂಬ ಕೆಂಪು ಕಳೆಯನ್ನೂ ಇದರ ಜೊತೆ ಗಂಟು ಹಾಕಬೇಡಿ. ಮೀನು ಮೆಲುಕು ಹಾಕುವುದಿಲ್ಲ. ಅದಕ್ಕೆ ಆ ಔಷಧಿ ಬೇಕಿಲ್ಲ.

“ಕಳೆಯನ್ನು ಹುಳುಗಳಿಗೆ ಹಾಕಿ, ಹುಳುವನ್ನು ಮೀನಿಗೆ ಹಾಕಿದರೆ?” ಎಂದರು ಒಬ್ಬ ಯುವಕರು. ನಾರ್ವೆಯಲ್ಲಿ ಮಾಡಿ ನೋಡಿದ್ದಾರೆ. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳುಗಳಿಗೆ ಇದೇ ಆಸ್ಕೊಫಿಲಮ್ ತಿನ್ನಿಸಿದರು. ಆಹಾರದ ಅರ್ಧದಷ್ಟು ಕಳೆ ಇದ್ದಾಗಲೂ ಹುಳು ಚೆನ್ನಾಗಿ ಬೆಳೆಯಿತು, ಅದರಾಚೆಗೆ ಸೊರಗಿತು. ಸಾಮಾನ್ಯವಾಗಿ ಈ ಹುಳುವಿನಲ್ಲಿ ಇಲ್ಲದ ಇಪಿಎ ಮೈಗೆ ಸೇರಿತು. ಜೊತೆಗೆ ಕ್ಯಾಡ್ಮಿಯಂ ಎಂಬ ವಿಷಲೋಹ ಕೂಡ ಸೇರಿತು. ಪ್ರೋಟೀನಿನ ದಾರಿ ಹುಡುಕುವವರು ಇಲ್ಲಿ ಹುಡುಕಿದರೆ ಏನಾದರೂ ಸಿಕ್ಕೀತು.

ಕೊನೆಗೆ, ಸಮುದ್ರದಿಂದ ದೂರ ಸಿಹಿನೀರಿನ ಕೊಳದಲ್ಲಿ ಮೀನು ಸಾಕುವ ರೈತರೊಬ್ಬರು ಎದ್ದು ನಿಂತರು. “ನಾನು ಇದನ್ನು ಪರೀಕ್ಷೆ ಮಾಡಬೇಕಾದರೆ ಹೇಗೆ ಮಾಡಲಿ?”

ದೂರದಿಂದ ಪುಡಿ ತರಿಸುವ ಬದಲು ನಿಮ್ಮ ನೀರಲ್ಲೇ ಬೆಳೆಯುವ ಅಜೋಲ್ಲಾ, ಡಕ್‌ವೀಡ್ ಮೊದಲು ನೋಡಿ ಎಂದೆ. ಅಮೋನಿಯ ಹೀರುವ ಕೆಲಸವನ್ನು ಅವೂ ಮಾಡುತ್ತವೆ, ಹಸಿಯಾಗಿಯೇ ಕೊಡಬಹುದು. ಕಡಲಕಳೆಯನ್ನೇ ನೋಡಬೇಕು ಎಂದಿದ್ದರೆ ಒಂದೇ ವಯಸ್ಸಿನ ಮರಿಗಳನ್ನು ಆರು ತೊಟ್ಟಿಗೆ ಸಮನಾಗಿ ಬಿಡಿ. ಮೂರಕ್ಕೆ ಹಳೆಯ ಫೀಡ್, ಮೂರಕ್ಕೆ ಹೊಸದು. ಒಂದೊಂದೇ ತೊಟ್ಟಿ ಇಟ್ಟುಕೊಂಡರೆ ಬಂದ ವ್ಯತ್ಯಾಸ ಫೀಡಿನದೋ ತೊಟ್ಟಿಯದೋ ಗೊತ್ತಾಗುವುದಿಲ್ಲ. ಹೊಸ ಫೀಡಿನಲ್ಲಿ ಕಳೆ ಹಾಕುವಾಗ ಗೋಧಿ ತೆಗೆಯಬೇಡಿ, ಫಿಶ್‌ಮೀಲ್ ತೆಗೆಯಿರಿ. ಹಾಕಿದ ಫೀಡ್ ತೂಗಿ, ತಿನ್ನದೆ ಉಳಿದದ್ದನ್ನು ಬಾಚಿ ಒಣಗಿಸಿ ತೂಗಿ, ಕೊನೆಗೆ ಮೀನು ತೂಗಿ. ಎಂಟು ಹತ್ತು ವಾರ ಬೇಕು. ಅದಕ್ಕಿಂತ ಬೇಗ ನಿಲ್ಲಿಸಿದರೆ ಮೀನು ತನ್ನ ಹಳೆಯ ಕೊಬ್ಬಿನ ಮೇಲೇ ಬದುಕಿ ನಿಮಗೆ ಸುಳ್ಳು ಲೆಕ್ಕ ಕೊಡುತ್ತದೆ.